ಕಹಿಹಲ್ಲು

ಯುರೋಪಿನ ಡ್ಯಾನ್ಯೂಬ್ ದಡದ ಬಾಯಾ ಎಂಬ ಊರಿನಲ್ಲಿ ಮೀನು ಸಾರಿನ ಹಬ್ಬದ ದಿನ ಗಂಡಸರ ಜಂಬ ನೋಡಬೇಕು. ವರ್ಷವಿಡೀ ತನಗೊಂದು ಮೊಟ್ಟೆ ಬೇಯಿಸಿಕೊಳ್ಳಲು ಬಾರದವನೂ ಅವತ್ತು ಮೊಣಕೈವರೆಗೆ ತೋಳು ಮಡಚಿಕೊಂಡು, ಊರ ನಡುವಿನ ಚೌಕದಲ್ಲಿ ತನ್ನ ಕೊಪ್ಪರಿಗೆಯ ಮುಂದೆ ದಂಡನಾಯಕನಂತೆ ನಿಂತುಬಿಡುತ್ತಾನೆ. ಹೆಂಗಸರು ಶ್ಯಾವಿಗೆ ಮಾಡಬೇಕು, ತಟ್ಟೆ ಜೋಡಿಸಬೇಕು, ಗಂಡಂದಿರು ಹೊಗಳಿಸಿಕೊಳ್ಳುವಾಗ ಪಕ್ಕದಲ್ಲಿ ನಿಂತು ಹಲ್ಲು ಬಿಡಬೇಕು. ಮೀನು ಮಾತ್ರ ಮುಟ್ಟುವಂತಿಲ್ಲ. ಯಾರು ಮಾಡಿದ ಕಟ್ಟಳೆಯೋ ದೇವರೇ ಬಲ್ಲ. ಮುರಿದವರನ್ನಂತೂ ಯಾರೂ ಕಂಡಿರಲಿಲ್ಲ.

ಇಬೊಯಾ ಮುರಿದಿದ್ದಳು. ಆದರೆ ಅವಳು ಮುರಿದದ್ದು ಹಿತ್ತಲಿನಲ್ಲಿ, ಗೇಟಿಗೆ ಚಿಲಕ ಹಾಕಿಕೊಂಡು, ಅದೂ ಮಾವನ ಅಪ್ಪಣೆಯ ಮೇಲೆ.

ಮಾವ ವೆಂಡೆಲ್ ಹುಟ್ಟು ಬೆಸ್ತ. ಡ್ಯಾನ್ಯೂಬ್ ನದಿಯಲ್ಲಿ ಬಲೆ ಎಳೆದೂ ಎಳೆದೂ ಅವನ ಅಂಗೈ ದೋಣಿಯ ಹಲಗೆಯಾಗಿತ್ತು. ಚೌಕದಲ್ಲಿ ಅವನ ಜಾಗ ಚರ್ಚಿನ ಗೋಡೆಯ ಮರೆಯಲ್ಲಿತ್ತು. ಅಲ್ಲಿ ಗಾಳಿ ಬೀಸುವುದಿಲ್ಲ, ಬೆಂಕಿ ಸಮನಾಗಿ ಉರಿಯುತ್ತದೆ. ಆ ಜಾಗದ ಮೇಲೆ ಊರಿನ ಅರ್ಧ ಗಂಡಸರ ಕಣ್ಣಿತ್ತು. ಅಪ್ಪನಿಂದ ಬಂದ ಕೊಪ್ಪರಿಗೆ, ಅಪ್ಪನಿಂದ ಬಂದ ಅಳತೆ. "ನನ್ನ ಮೀನಿನ ಮೇಲೆ ನನ್ನ ಕೈ ಬಿಟ್ರೆ ಇನ್ನೊಬ್ಬರ ಕೈ ಬಿದ್ದಿಲ್ಲ" ಎನ್ನುವುದು ಅವನ ಹಬ್ಬದ ಭಾಷಣ. ಇಡೀ ಊರಿಗೆ ಅದು ಬಾಯಿಪಾಠವಾಗಿತ್ತು.

ಹೋದ ಚಳಿಗಾಲದಿಂದ ಆ ಕೈ ನಡುಗತೊಡಗಿತ್ತು. ಬಲಗೈ. ಮುದುಕ ಅದನ್ನು ಜೇಬಿನಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದ. ಮಗ ಬೆರ್ಟಲಾನ್‌ಗೂ ತಿಳಿದಿರಲಿಲ್ಲ. ಸೊಸೆಗೆ ಮಾತ್ರ ಗೊತ್ತಾಗಿಬಿಟ್ಟಿತು. ಮನೆಯಲ್ಲಿ ಲೋಟ ಚೆಲ್ಲಿದ್ದನ್ನು ಒರೆಸುವವಳು ಅವಳೇ ಅಲ್ಲವೇ?

"ಯಾರ ಹತ್ರಾನೂ ಬಾಯಿ ಬಿಡ್ಬೇಡ ಮಗಳೇ," ಎಂದು ಅವನು ಕೇಳಿಕೊಂಡಿದ್ದ. "ಹೊಟ್ಟೆ ಸೀಳೋದು ಎಡಗೈಲಿ ಹೇಗೋ ಮಾಡ್ಕೋತೀನಿ. ತಲೆ ಮಾತ್ರ ನೀನು ನೋಡ್ಕೋ. ಅಲ್ಲಿ ಚಾಕು ಅಲುಗಾಡಿದ್ರೆ ಕೆಟ್ಟಿತು."

ತಲೆಯ ಕೆಲಸವೇ ಸೂಕ್ಷ್ಮ. ಗೆಂಡೆಮೀನಿನ ಗಂಟಲ ಬುಡದಲ್ಲಿ ಹಳದಿಯ ಗಟ್ಟಿ ತುಣುಕೊಂದು ಇರುತ್ತದೆ. ಊರವರು ಅದನ್ನು ಕಹಿಹಲ್ಲು ಅನ್ನುತ್ತಾರೆ. ಕಿವಿರು ತೆಗೆದಮೇಲೆ ಚಾಕುವಿನ ಮೊನೆ ಒಳಗೆ ಬಿಟ್ಟು ಅದನ್ನು ಕಿತ್ತು ಬಿಸಾಡಬೇಕು. ಒಂದೇ ಒಂದು ತಲೆಯಲ್ಲಿ ಅದು ಉಳಿದರೂ ಸಾಕು, ಕೊಪ್ಪರಿಗೆ ಸಾರೆಲ್ಲ ಕಹಿ.

ಹಬ್ಬದ ಬೆಳಿಗ್ಗೆ ಇಬೊಯಾ ಹಿತ್ತಲ ನಲ್ಲಿಯ ಹತ್ತಿರ ಕೂತು ತಲೆಗಳನ್ನು ಒಂದೊಂದಾಗಿ ಸರಿಮಾಡುತ್ತಿದ್ದಳು. ಕೈ ಮೀನಿನ ಮೇಲಿತ್ತು, ಮನಸ್ಸು ಮಾತ್ರ ಅಡುಗೆಮನೆಯ ಮೇಜಿನ ಮೇಲಿತ್ತು. ಅಲ್ಲಿ ಅವಳ ಶ್ಯಾವಿಗೆ ಹಿಟ್ಟು ಹಾಳೆಯಂತೆ ಹರಡಿಕೊಂಡು ಆರುತ್ತಿತ್ತು. ಅವಳಷ್ಟು ಸಣ್ಣಗೆ ಶ್ಯಾವಿಗೆ ಕತ್ತರಿಸುವವರು ಆ ಬೀದಿಯಲ್ಲಿ ಇರಲಿಲ್ಲ. ಹೋದ ವರ್ಷ ಬೆಲ್ಜಿಯಂನಿಂದ ಬಂದಿದ್ದ ಯೋರಿಸ್ ಎಂಬ ನಿವೃತ್ತ ಮೇಷ್ಟ್ರು ಅದನ್ನು ಹೊಗಳಿ ಹೊಗಳಿ ಇಟ್ಟಿದ್ದರು. ಯುರೋಪಿನಲ್ಲಿ ಎಲ್ಲಿ ತಿನ್ನುವ ಹಬ್ಬವೋ ಅಲ್ಲಿ ಹಾಜರಾಗುವ ಮನುಷ್ಯ ಅವರು. ಈ ಸಲವೂ ಅಷ್ಟು ದೂರದಿಂದ ಇವರ ಮೇಜಿಗೇ ಬರುತ್ತಿದ್ದರು. ಶ್ಯಾವಿಗೆ ಇನ್ನೂ ಸಣ್ಣಗಾಗಬೇಕು ಎಂದು ಇಬೊಯಾಳ ಹಟ.

ಕೊನೆಯ ತಲೆಯ ಕಿವಿರು ತೆಗೆದಳು. ಅಷ್ಟರಲ್ಲಿ ಹಿಟ್ಟು ಆರಿ ಬಿರುಕು ಬಿಡುತ್ತದೆಂಬ ಭಯ ಹತ್ತಿತು. ತಲೆಯನ್ನು ಬೋಗುಣಿಗೆ ಹಾಕಿ, ಚಾಕು ಅಲ್ಲೇ ಇಟ್ಟು ಒಳಗೆ ಓಡಿದಳು. ಹಿಟ್ಟನ್ನು ಮಡಚಿ, ಒದ್ದೆ ಬಟ್ಟೆ ಹೊದಿಸಿ ವಾಪಸು ಬಂದಾಗ ಬೋಗುಣಿಯಲ್ಲಿ ತಲೆಗಳೆಲ್ಲ ಒಂದರ ಮೇಲೊಂದು ಬಿದ್ದಿದ್ದವು. ಕೊನೆಯದರ ಹಲ್ಲು ಕಿತ್ತೆನೇ? ಕಿತ್ತಂತೆಯೂ ಇತ್ತು, ಇಲ್ಲದಂತೆಯೂ ಇತ್ತು. ಮತ್ತೆ ಒಂದೊಂದನ್ನೇ ಬಾಯಗಲಿಸಿ ನೋಡಲು ಎಷ್ಟು ಹೊತ್ತು ಬೇಕಿತ್ತು, ಹೇಳಿ? ಆದರೆ ಶ್ಯಾವಿಗೆ ಕಾಯುತ್ತಿತ್ತು.

ವೆಂಡೆಲ್ ಬಂದು ಬೋಗುಣಿ ಎತ್ತಿಕೊಂಡ. "ಎಲ್ಲಾ ತಲೇನೂ ನೋಡಿದ್ಯಾ?"

"ನೋಡ್ದೆ ಮಾವ."

"ಹಲ್ಲು?"

"ಅಯ್ಯೋ, ನೋಡ್ದೆ ಅಂದ್ನಲ್ಲ! ಹೋಗಿ ನೀವು, ಈರುಳ್ಳಿ ಹೆಚ್ಕೊಳಿ."

ಮುದುಕ ನಕ್ಕು ಹೋದ. ಸುಳ್ಳು ಎಷ್ಟು ಸಲೀಸಾಗಿ ಬಾಯಿಂದ ಬಿತ್ತು ಎಂದು ಅವಳಿಗೇ ಒಂದು ಕ್ಷಣ ಕಸಿವಿಸಿಯಾಯಿತು. ಆಮೇಲೆ ಕತ್ತರಿಸುವ ಕೆಲಸದಲ್ಲಿ ಅದೂ ಮರೆತುಹೋಯಿತು.

ಸಂಜೆಯ ಬಿಸಿಲಿನಲ್ಲಿ ಚೌಕದ ತುಂಬ ಕೊಪ್ಪರಿಗೆಗಳು, ಹೊಗೆ, ಕೆಂಪು ಮೆಣಸಿನ ಪುಡಿಯ ಘಾಟು. ಉದ್ದನೆಯ ಮೇಜುಗಳ ಎರಡೂ ಕಡೆ ನಂಟರು, ನೆರೆಯವರು, ಎಲ್ಲಿಂದಲೋ ಬಂದ ಅತಿಥಿಗಳು. ಸೋಡಾ ಬೆರೆಸಿದ ವೈನು ಆಗಲೇ ಎಲ್ಲರ ಕೆನ್ನೆಗೆ ಬಣ್ಣ ಹಚ್ಚಿತ್ತು. ವೆಂಡೆಲ್ ಕೊಪ್ಪರಿಗೆಯ ಹಿಡಿ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುತ್ತಿದ್ದ. ಮೀನು ಪುಡಿಯಾಗುತ್ತದೆಂದು ಇಲ್ಲಿ ಯಾರೂ ಸಾರಿಗೆ ಸೌಟು ಹಾಕಿ ತಿರುವುವುದಿಲ್ಲ. ತಿರುಗಿಸುವುದಕ್ಕೆ ಅವನು ಎಡಗೈಯನ್ನೇ ಬಳಸುತ್ತಿದ್ದ. ಬಲಗೈ ಜೇಬಿನಲ್ಲಿತ್ತು, ಏನೋ ದೊಡ್ಡಸ್ತಿಕೆ ಎಂಬಂತೆ.

"ನೋಡಿ ಮೇಷ್ಟ್ರೇ," ಎಂದು ಭಾಷಣ ಶುರುವಾಯಿತು, "ನನ್ನ ಮೀನಿನ ಮೇಲೆ ನನ್ನ ಕೈ ಬಿಟ್ರೆ..."

ಬೆರ್ಟಲಾನ್ ಆಸ್ಟ್ರಿಯಾದಲ್ಲಿ ದುಡಿಯುವಾಗ ಕಲಿತ ಜರ್ಮನ್‌ನಲ್ಲಿ ಅದನ್ನು ಯೋರಿಸ್‌ಗೆ ತಿಳಿಸಿದ. ಮುದುಕ ಸೊಸೆಯ ಕಡೆ ತಿರುಗಿ ಯಾರಿಗೂ ಕಾಣದಂತೆ ಕಣ್ಣು ಹೊಡೆದ. ಇಬೊಯಾ ಸೆರಗಿಲ್ಲದಿದ್ದರೂ ಏಪ್ರನ್ನಿನ ಅಂಚಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಬಡಿಸುವುದಾಯಿತು. ಮೊದಲು ಶ್ಯಾವಿಗೆ, ಅದರ ಮೇಲೆ ಕೆಂಪನೆ ಸಾರು. ಮೀನು ಬೇರೆ ತಟ್ಟೆಯಲ್ಲಿ. ಯೋರಿಸ್ ಒಂದು ಚಮಚ ಬಾಯಿಗಿಟ್ಟರು. ಹುಬ್ಬು ಸ್ವಲ್ಪ ಮೇಲೆ ಹೋಯಿತು. ಇನ್ನೊಂದು ಚಮಚ. ಆಮೇಲೆ ಬಹಳ ಗೌರವದಿಂದ ಏನೋ ಕೇಳಿದರು.

"ಏನಂತೆ?" ಎಂದಳು ಇಬೊಯಾ.

ಬೆರ್ಟಲಾನ್ ತಾನೂ ಒಂದು ಚಮಚ ಕುಡಿದು ಮುಖ ಕಿವುಚಿದ. "ಈ ಕಹಿ ಈ ವರ್ಷದ ವಿಶೇಷಾನಾ ಅಂತ ಕೇಳ್ತಿದಾರೆ."

ಇಬೊಯಾಗೆ ಕೊನೆಯ ತಲೆ ನೆನಪಾಯಿತು. ಅವಳು ಮೀನಿನ ತಟ್ಟೆಯಿಂದ ತಲೆಯೊಂದನ್ನು ತನ್ನ ತಟ್ಟೆಗೆ ಎಳೆದುಕೊಂಡು ಫೋರ್ಕ್ ಹಾಕಿ ಬಿಡಿಸಿದಳು. ಅದರಲ್ಲಿ ಏನೂ ಇರಲಿಲ್ಲ. ಇನ್ನೊಂದನ್ನು ಎಳೆದುಕೊಂಡಳು. ಬೆಂದ ಮಾಂಸದೊಳಗಿಂದ ಅದು ಜಾರಿ ಬಂತು. ಹಳದಿ, ಗಟ್ಟಿ. ಉಗುರಿನಷ್ಟಗಲದ ದರಿದ್ರ ತುಣುಕು. ಅವಳು ಯೋಚಿಸಲಿಲ್ಲ, ಯೋಚಿಸುವ ಮೊದಲೇ ಕೈ ತನ್ನ ಕೆಲಸ ಮಾಡಿತ್ತು. ಹಲ್ಲು ಅವಳ ಮುಷ್ಟಿಯೊಳಗೆ ಸೇರಿತ್ತು.

ಪಕ್ಕದ ಮೇಜಿನ ಕಾಲ್ಮಾನ್ ಆಗಲೇ ಲೋಟ ಹಿಡಿದು ಬಂದಿದ್ದ. ಹಬ್ಬದಲ್ಲಿ ಒಬ್ಬರ ಸಾರನ್ನು ಇನ್ನೊಬ್ಬರು ರುಚಿ ನೋಡುವುದು ವಾಡಿಕೆ. ಕಾಲ್ಮಾನ್‌ನದು ಬರೀ ವಾಡಿಕೆಯಲ್ಲ. ಚರ್ಚಿನ ಗೋಡೆಯ ಮರೆಗೆ ಹೆಚ್ಚು ಆಸೆಪಟ್ಟವನು ಅವನೇ. ಅವನ ನಾಲಿಗೆಗೆ ಬಿದ್ದ ಸುದ್ದಿ ಸೂರ್ಯ ಮುಳುಗುವುದರೊಳಗೆ ಊರ ಆಚೆ ದಡ ಮುಟ್ಟುತ್ತಿತ್ತು. ಅವನು ಒಂದು ಗುಟುಕು ಕುಡಿದು ನೆಲಕ್ಕೆ ಉಗಿದ.

"ಏನೋ ವೆಂಡೆಲ್! ಈ ಸಲ ಮೀನು ನದೀಲಿ ಹಿಡಿದ್ಯಾ, ಔಷಧಿ ಅಂಗಡೀಲಿ ಹಿಡಿದ್ಯಾ?"

ಸುತ್ತಲ ಮೇಜುಗಳು ಘೊಳ್ಳೆಂದವು. ವೆಂಡೆಲ್ ನಗಲಿಲ್ಲ. ಸೌಟಿನಲ್ಲಿ ಸ್ವಲ್ಪ ಸಾರು ಎತ್ತಿ ಬಾಯಿಗೆ ಹಾಕಿಕೊಂಡ. ನಿಧಾನವಾಗಿ ನುಂಗಿದ. ಆಮೇಲೆ ತಲೆ ಎತ್ತಿ ಸೊಸೆಯ ಮುಖ ನೋಡಿದ.

ಅವಳು ತಟ್ಟೆಯ ಕಡೆ ಕಣ್ಣು ಇಳಿಸಿದಳು. ಅಷ್ಟೇ. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು. ನಾನೇ ಮಾವ ಎಂದರೆ ಮುಗಿಯುತ್ತಿತ್ತು. ಆದರೆ ನಾನೇ ಎಂದರೆ ಹೆಂಗಸು ಮೀನು ಮುಟ್ಟಿದ್ದು ಗೊತ್ತಾಗುತ್ತದೆ, ಮಾವನ ಕೈ ಗೊತ್ತಾಗುತ್ತದೆ, ಅವನ ಭಾಷಣ ಸುಳ್ಳಾಗುತ್ತದೆ. ಅವನಿಗಾಗಿಯೇ ಸುಮ್ಮನಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಅದು ಹಸಿ ಸುಳ್ಳು. ಅಷ್ಟು ಜನರೆದುರು ತನ್ನ ಮುಖ ಉಳಿಯಲಿ ಎಂಬುದೇ ಅವಳಿಗೆ ಆಗ ಬೇಕಾಗಿದ್ದದ್ದು.

"ಪಿತ್ತ," ಎಂದ ವೆಂಡೆಲ್. "ಹೊಟ್ಟೆ ಸೀಳುವಾಗ ಪಿತ್ತ ಒಡೆದುಬಿಟ್ಟಿದೀನಿ."

"ನೀನಾ? ಪಿತ್ತ ಒಡೆಯೋದಾ?" ಕಾಲ್ಮಾನ್‌ನ ನಗು ಅರ್ಧಕ್ಕೆ ನಿಂತಿತು.

ಮುದುಕ ಬಲಗೈಯನ್ನು ಜೇಬಿನಿಂದ ಹೊರಗೆ ತೆಗೆದು ಎಲ್ಲರೆದುರು ಹಿಡಿದ. ಅದು ನಡುಗುತ್ತಿತ್ತು. "ಚಳಿಗಾಲದಿಂದ ಹೀಗೇ ಇದೆ. ಮುಚ್ಚಿಟ್ಟಿದ್ದೆ. ಇನ್ನೇನು ಮುಚ್ಚಿಡೋದು? ಊರಿಗೆಲ್ಲ ಕಹಿ ಕುಡಿಸಿ ಆಯ್ತು."

"ಅಪ್ಪಾ!" ಎಂದು ಬೆರ್ಟಲಾನ್ ಎದ್ದುಬಿಟ್ಟ. "ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನೇನು ಹಿಡ್ಕೋತಿದ್ಯಾ ನನ್ನ ಕೈನ? ಕೂತ್ಕೋ." ವೆಂಡೆಲ್ ಕಾಲ್ಮಾನ್‌ನ ಕಡೆ ತಿರುಗಿದ. "ಕಾಲ್ಮಾನ್, ಮುಂದಿನ ವರ್ಷದಿಂದ ಈ ಜಾಗ ನಿನ್ನದು. ಕೊಪ್ಪರಿಗೇನೂ ತಗೋ. ತಾಮ್ರ ಒಳ್ಳೇದು. ನಮ್ಮ ಮನೇಲಿ ಇನ್ನು ಅದಕ್ಕೆ ಕೆಲಸ ಇಲ್ಲ."

ಆಗ, ಆ ಹಾಳು ಹೊತ್ತಿನಲ್ಲಿ, ಇಬೊಯಾಗೆ ಬಾಯಿ ಬಂತು. ಬೆಂಚು ಹಿಂದಕ್ಕೆ ತಳ್ಳಿ ಎದ್ದು ನಿಂತಳು.

"ಸುಳ್ಳು! ಪಿತ್ತ ಅಲ್ಲ, ಏನೂ ಅಲ್ಲ. ತಲೆ ಸರಿಮಾಡಿದ್ದು ನಾನು. ಕಹಿಹಲ್ಲು ಬಿಟ್ಟಿದ್ದು ನಾನು. ಇಲ್ಲಿ ನೋಡಿ!" ಎಂದು ಮುಷ್ಟಿ ಬಿಚ್ಚಿ ಹಲ್ಲು ತೋರಿಸಿದಳು.

ಜನ ಅವಳ ಅಂಗೈ ನೋಡಲಿಲ್ಲ, ಕಣ್ಣೀರು ನೋಡಿದರು. ಕಾಲ್ಮಾನ್‌ನ ಹೆಂಡತಿ ಎದೆಯ ಮೇಲೆ ಕೈ ಇಟ್ಟುಕೊಂಡು, "ನೋಡ್ರೀ, ಮಾವನ ಮಾನ ಉಳಿಸೋಕೆ ಹೇಗೆ ಒದ್ದಾಡ್ತಿದೆ ಜೀವ!" ಎಂದಳು. ಯಾರೋ, "ಅಂಥ ಹಲ್ಲು ಬೇಕಿದ್ರೆ ನಮ್ಮ ಕಸದ ಬುಟ್ಟೀಲೂ ಸಿಗುತ್ತೆ ಕಣಮ್ಮ" ಎಂದು ನಕ್ಕರು. ಆ ನಗುವಿನಲ್ಲಿ ಕುಹಕವಿರಲಿಲ್ಲ, ಪ್ರೀತಿಯಿತ್ತು. ಅದೇ ಹೆಚ್ಚು ಉರಿಯಿತು.

"ಮಾವ, ನೀವಾದ್ರೂ ಹೇಳಿ!" ಎಂದು ಇಬೊಯಾ ಗೋಗರೆದಳು.

"ಬೆಳಿಗ್ಗೆಯಿಂದ ಅವಳು ಶ್ಯಾವಿಗೆ ಮಾಡ್ತಿದ್ಲು," ಎಂದ ವೆಂಡೆಲ್, ಬೇರೆ ಕಡೆ ನೋಡುತ್ತ. "ಕೂತ್ಕೋ ಮಗಳೇ."

ಮುಗಿಯಿತಲ್ಲ! ಕಾಲ್ಮಾನ್ ಲೋಟ ಎತ್ತಿ ಕೂಗಿದ: "ಇಂಥ ಸೊಸೆ ನಮಗೂ ಸಿಗ್ಲಪ್ಪ! ಇಬೊಯಾಗೆ ಜಯವಾಗ್ಲಿ!" ಮೇಜಿನಿಂದ ಮೇಜಿಗೆ ಲೋಟಗಳು ಎದ್ದವು. ಯೋರಿಸ್ ಕೂಡ ಎದ್ದು ನಿಂತು ಬಾಗಿದರು, ಪಾಪ, ಏನೂ ಅರ್ಥವಾಗದೆ. ಅವಳ ಕೈಗೂ ಯಾರೋ ಒಂದು ಲೋಟ ತುರುಕಿದರು. ಕುಡಿಯದೆ ವಿಧಿಯಿರಲಿಲ್ಲ. ತನ್ನ ತಪ್ಪಿಗೆ ತಾನೇ ಜಯಕಾರ ಕುಡಿದವಳು ಆ ಊರಿನಲ್ಲಿ ಅವಳೊಬ್ಬಳೇ ಇರಬೇಕು. ಭೂಮಿ ಬಾಯ್ಬಿಡಬಾರದೇ ಎನಿಸಿತು.

ಚೌಕದ ಕೆಳಗೆ ಡ್ಯಾನ್ಯೂಬಿನ ಕವಲು ನಿಧಾನವಾಗಿ ಹರಿಯುತ್ತದೆ. ಬಿಸಿಲು ಇಳಿಯುವ ಹೊತ್ತಿಗೆ ಇಬೊಯಾ ಅದರ ಮೆಟ್ಟಿಲ ಮೇಲೆ ಕೂತು ಕೊಪ್ಪರಿಗೆ ಉಜ್ಜುತ್ತಿದ್ದಳು. ಕಾಲ್ಮಾನ್‌ಗೆ ಕೊಡುವ ಮೊದಲು ತೊಳೆದು ಕೊಡಬೇಕೆಂದು ಮಾವ ಹೇಳಿದ್ದ. ಬೂದಿ, ಮರಳು, ಅವಳ ಬರಿಗೈ. ವೆಂಡೆಲ್ ಮೇಲಿನ ಮೆಟ್ಟಿಲ ಮೇಲೆ ಕೂತಿದ್ದ. ಕೈ ಈಗ ಜೇಬಿನಲ್ಲಿರಲಿಲ್ಲ. ತೊಡೆಯ ಮೇಲೆ ಅದರ ಪಾಡಿಗೆ ಅದು ನಡುಗುತ್ತಿತ್ತು.

"ಯಾಕೆ ಮಾವ ಹಂಗಂದ್ರಿ? ಪಿತ್ತ ಒಡೆದಿದ್ರೆ ನಿಮಗೆ ಕಾಣ್ತಿರ್ಲಿಲ್ವಾ?"

"ಪಿತ್ತ ಒಡೆದ್ರೆ ಮೊದಲ ಗುಟುಕಿಗೇ ನಾಲಿಗೆ ತುದಿ ಉರಿಯುತ್ತೆ. ಇದು ಹಿಂದಿನಿಂದ ಬಂತು. ಗಂಟಲಲ್ಲಿ ಕೂತ್ಕೊಳ್ತು. ಹಲ್ಲಿನ ಕಹೀನೇ ಹಂಗೆ. ಅಷ್ಟೂ ತಿಳೀದೆ ನಾನು ಇಷ್ಟು ಕಾಲ ಮೀನು ಹಿಡಿದದ್ದು ಯಾಕೆ?"

ಉಜ್ಜುತ್ತಿದ್ದ ಕೈ ನಿಂತಿತು. "ಗೊತ್ತಾಗಿತ್ತಾ ನಿಮಗೆ?"

"ಹೂಂ."

"ಗೊತ್ತಿದ್ದೂ..."

"ನಿನ್ನ ಮುಖ ನೋಡ್ದೆ. ಹೇಳ್ತಾಳೆ ಅಂತ ಕಾದೆ. ನೀನು ತಲೆ ಬಗ್ಗಿಸ್ದೆ. ಹೋಗ್ಲಿ ಪಾಪ, ಹೆದರಿದಾಳೆ, ಮಗು ಅಂದ್ಕೊಂಡೆ."

"ಆಮೇಲೆ ಹೇಳಿದ್ನಲ್ಲ ಮಾವ! ಎಲ್ಲರ ಮುಂದೇನೇ ಕೂಗಿ ಹೇಳಿದ್ನಲ್ಲ!"

"ಹೇಳ್ದೆ," ಎಂದ ಮುದುಕ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. "ನಾನು ಕೈ ತೋರಿಸಿ ಆದ್ಮೇಲೆ ಹೇಳ್ದೆ."

ಇಬೊಯಾ ಆ ಕೈಯನ್ನೇ ನೋಡಿದಳು. ಅಷ್ಟು ತಿಂಗಳು ಅವರಿಬ್ಬರೂ ಸೇರಿ ಮುಚ್ಚಿಟ್ಟಿದ್ದ ಕೈ ಅದು. ಚೆಲ್ಲಿದ ಲೋಟಗಳನ್ನು ಗಂಡನಿಗೂ ತಿಳಿಯದಂತೆ ಅವಳು ಒರೆಸಿದ್ದಳು. ಮುದುಕ ಅಂಗಿಯ ಗುಂಡಿಗಾಗಿ ತಡಕಾಡುವಾಗ ಏನೋ ನೆಪ ತೆಗೆದು ತಾನೇ ಹಾಕಿದ್ದಳು. ಕೊನೆಗೆ ಅವಳ ಒಂದು ಉಸಿರಿನ ಮೌನಕ್ಕೆ ಅವನು ಆ ಕೈಯನ್ನು ಸಂತೆಯ ಮಾಲಿನಂತೆ ಊರಿನ ಮುಂದೆ ಹಿಡಿದಿದ್ದ. ಕ್ಷಮಿಸಿ ಎನ್ನಲು ಹೊರಟಳು. ಎಷ್ಟು ಸಣ್ಣ ಮಾತು ಎನಿಸಿತು.

"ಉಜ್ಜು," ಎಂದ ವೆಂಡೆಲ್. "ಕಾಲ್ಮಾನ್ ಕಾಯ್ತಿರ್ತಾನೆ."

ಅವಳು ಉಜ್ಜಿದಳು. ಹಿಡಿಯ ಸಂದುಗೊಂದುಗಳನ್ನೂ ಬಿಡದೆ ತೊಳೆದಳು. ಆಮೇಲೆ ಕೊಪ್ಪರಿಗೆಯನ್ನು ಸೊಂಟಕ್ಕೆ ಆನಿಸಿಕೊಂಡು ಮೆಟ್ಟಿಲು ಹತ್ತಿದಳು.

ಕಾಲ್ಮಾನ್ ಅವಳನ್ನು ಕಂಡದ್ದೇ ಲೋಟ ತುಂಬಿಸತೊಡಗಿದ. ಮೇಜಿನ ತುಂಬ ಅವನ ನಂಟರು. "ಬಾಮ್ಮ, ಬಾ! ಜಾಗ ಬಿಡ್ರೋ, ಊರಿಗೇ ಮಾದರಿ ಸೊಸೆ ಬಂದ್ಲು!"

"ಕಾಲ್ಮಾನಣ್ಣ, ಒಂದು ಮಾತು ಕೇಳ್ತೀನಿ. ನಿಮಗೆ ಕಹಿ ಈಗ್ಲೂ ಇದೆಯಾ ಬಾಯಲ್ಲಿ?"

"ಇಲ್ದೆ ಏನು! ಇಷ್ಟು ವೈನು ಸುರಿದ್ರೂ ಹೋಗ್ತಿಲ್ಲ."

"ಎಲ್ಲಿದೆ? ನಾಲಿಗೆ ತುದೀಲಾ?"

ಕಾಲ್ಮಾನ್ ನಗುತ್ತಲೇ ನಾಲಿಗೆ ಹೊರಳಿಸಿದ. ಅವನೂ ಬೆಸ್ತರ ಮನೆಯವನೇ. ಒಂದು ಸಲ ನುಂಗಿದ. ಮತ್ತೆ ನುಂಗಿದ. ಕೈ ತಾನಾಗಿಯೇ ಗಂಟಲಿಗೆ ಹೋಯಿತು. ನಗು ಇಳಿಯಿತು.

ಇಬೊಯಾ ಏಪ್ರನ್ ಜೇಬಿನಿಂದ ಹಲ್ಲು ತೆಗೆದು ಅವನ ಮುಂದೆ ಮೇಜಿನ ಮೇಲಿಟ್ಟಳು. "ತಲೆಗಳನ್ನ ನಾನು ಮಾಡ್ದೆ, ಹಿತ್ತಲಲ್ಲಿ. ಹಲ್ಲು ನೋಡಿದ್ಯಾ ಅಂತ ಮಾವ ಕೇಳಿದ್ರು. ನೋಡ್ದೆ ಅಂತ ಸುಳ್ಳು ಹೇಳ್ದೆ. ನನ್ನ ಶ್ಯಾವಿಗೆ ಆರಿಹೋಗುತ್ತೆ ಅನ್ನೋ ಭಯಕ್ಕೆ ಹಾಗಂದೆ. ಪಿತ್ತ ಇದ್ದ ಮೀನಿನ ಹೊಟ್ಟೆಗಳನ್ನೆಲ್ಲ ಅವರು ಬಲಗೈ ನಡುಗ್ತಿದ್ರೂ ಎಡಗೈಲೇ ಸೀಳಿದ್ದು. ಒಂದೂ ಒಡೀಲಿಲ್ಲ."

"ವೆಂಡೆಲ್‌ಗೆ ಗೊತ್ತಾ?"

"ಬಾಯಿಗಿಟ್ಟ ತಕ್ಷಣ ಗೊತ್ತಾಯ್ತಂತೆ."

"ಗೊತ್ತಿದ್ದೂ ತನ್ನ ತಲೆ ಮೇಲೆ ಹಾಕ್ಕೊಂಡ್ನಾ ಮುದುಕ? ನೀನು ನೋಡ್ಕೊಂಡು ಕೂತಿದ್ಯಾ?"

"ಕೂತಿದ್ದೆ."

ಕಾಲ್ಮಾನ್ ಅವಳಿಗೆಂದು ತುಂಬಿಸಿದ್ದ ಲೋಟವನ್ನು ನಿಧಾನವಾಗಿ ತನ್ನ ಕಡೆ ಎಳೆದುಕೊಂಡು ತಾನೇ ಕುಡಿದ. ಅವನ ಹೆಂಡತಿ ಅವಳಿಗಾಗಿ ಬಿಟ್ಟಿದ್ದ ಜಾಗಕ್ಕೆ ತನ್ನ ಕೈಚೀಲ ಇಟ್ಟಳು.

"ಎತ್ಕೊಂಡು ಹೋಗು ಆ ಕೊಪ್ಪರಿಗೇನ," ಎಂದ ಕಾಲ್ಮಾನ್. "ಪಿತ್ತ ಒಡೆಯದವನ ಜಾಗ ಕಿತ್ಕೊಂಡು ನಾನೆಲ್ಲಿ ಮುಖ ತೋರಿಸ್ಲಿ? ಮತ್ತೆ ಕೇಳು, ಇದನ್ನ ನಾನು ಹೊಟ್ಟೇಲಿ ಇಟ್ಕೊಳ್ಳೋನಲ್ಲ. ಎಲ್ಲರಿಗೂ ಹೇಳ್ತೀನಿ. ನನ್ನ ಬಾಯಿ ನಿನಗೆ ಗೊತ್ತಲ್ಲ?"

"ಗೊತ್ತು ಕಾಲ್ಮಾನಣ್ಣ. ಅದಕ್ಕೇ ನಿಮ್ಮ ಹತ್ರ ಬಂದೆ."

ಅವಳು ಕೊಪ್ಪರಿಗೆ ಎತ್ತಿಕೊಂಡು ಬಂದ ದಾರಿಯಲ್ಲೇ ಹೊರಟಳು. ಮುಂದಿನ ಮೇಜುಗಳವರು ಇನ್ನೂ ಲೋಟ ಎತ್ತಿ, "ಇಬೊಯಾ! ಚಿನ್ನದಂಥ ಸೊಸೆ!" ಎಂದು ಕೂಗುತ್ತಿದ್ದರು. ಹಿಂದಿನ ಮೇಜುಗಳಲ್ಲಿ ಮಾತು ಒಂದೊಂದಾಗಿ ನಿಲ್ಲುತ್ತಿತ್ತು. ಕಾಲ್ಮಾನ್‌ನ ದನಿ ಮಾತ್ರ ಕೇಳುತ್ತಿತ್ತು. ಅವಳು ತಿರುಗಿ ನೋಡಲಿಲ್ಲ. ನೋಡುವ ಧೈರ್ಯವೂ ಇರಲಿಲ್ಲ.

ವೆಂಡೆಲ್ ಚರ್ಚಿನ ಗೋಡೆಯ ಮರೆಯಲ್ಲಿ, ಆರಿದ ಬೆಂಕಿಯ ಪಕ್ಕ, ಬೆಂಚಿನ ಮೇಲೆ ಒಬ್ಬನೇ ಕೂತಿದ್ದ. ಬೆರ್ಟಲಾನ್ ಅತಿಥಿಯನ್ನು ಬಿಟ್ಟು ಬರಲು ಹೋಗಿದ್ದ. ಅವಳು ಕೊಪ್ಪರಿಗೆಯನ್ನು ಮಾವನ ಕಾಲ ಬಳಿ ಇಳಿಸಿದಳು.

ಮುದುಕ ಕೊಪ್ಪರಿಗೆ ನೋಡಿದ, ಅವಳನ್ನು ನೋಡಿದ, ಚೌಕದ ಆಚೆ ಬದಿ ಕಡೆ ನೋಡಿದ. ಅಲ್ಲಿ ಆಗಲೇ ತಲೆಗಳು ಇತ್ತ ತಿರುಗುತ್ತಿದ್ದವು.

"ಹೇಳ್ಬಿಟ್ಯಾ?"

"ಹೇಳ್ದೆ ಮಾವ."

"ಕಾಲ್ಮಾನ್‌ಗೆ?"

"ಹೂಂ."

ವೆಂಡೆಲ್ ಸ್ವಲ್ಪ ಪಕ್ಕಕ್ಕೆ ಸರಿದು, ನಡುಗುವ ಕೈಯಿಂದಲೇ ಬೆಂಚು ತಟ್ಟಿದ.

"ಕೂತ್ಕೋ. ಇನ್ನೇನು ಬರ್ತಾರೆ ಎಲ್ರೂ. ನನ್ನ ಕೈ ನೋಡೋಕೆ, ನಿನ್ನ ಮುಖ ನೋಡೋಕೆ."

ಇಬೊಯಾ ಕೂತಳು. ಈ ಸಲ ತಲೆ ಬಗ್ಗಿಸಲಿಲ್ಲ.